ಪನವತಿ

ಪನವತಿ: ಕೆಟ್ಟ ಕಾಲ, ಆ ಕಾಲವನ್ನು ತರುವ ಗ್ರಹಪೀಡೆ, ಆ ಪೀಡೆಯನ್ನು ತನ್ನೊಡನೆ ಹೊತ್ತು ತಿರುಗುವನೆಂದು ಜನ ಶಂಕಿಸುವ ವ್ಯಕ್ತಿ ಅಥವಾ ಸ್ಥಳ ಎಂಬ ಅರ್ಥಗಳಲ್ಲಿ ಪಶ್ಚಿಮ ಭಾರತದ ಭಾಷೆಗಳಲ್ಲಿ ವ್ಯವಹೃತವಾಗುವ ದುರದೃಷ್ಟವಾಚಕ ಪದ. ಮರಾಠಿಯಲ್ಲಿ ಪನವತೀ ಅಥವಾ ಪನೋತೀ, ಗುಜರಾತಿಯಲ್ಲಿ ಪನೋತೀ, ಮುಂಬಯಿಯ ಹಿಂದಿಯಲ್ಲಿ ಪನೌತೀ ಎಂದು ಉಚ್ಚರಿಸಲ್ಪಡುವ ಈ ಶಬ್ದವು ಆ ಮಹಾನಗರದಲ್ಲಿಯೂ ಅದರ ನೆರೆಯ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿಯೂ ನೆಲಸಿದ ಕನ್ನಡಿಗರ ಮಾತಿಗೆ ಯಾವ ವಿಶೇಷ ಪ್ರಯತ್ನವೂ ಇಲ್ಲದೆ ಬಂದು ಸೇರಿಕೊಂಡಿದೆ. ನೇಪಾಳದಲ್ಲಿ ಕಾಠ್ಮಂಡುವಿನ ಆಗ್ನೇಯಕ್ಕೆ ಇದೇ ಉಚ್ಚಾರದ ಹೆಸರುಳ್ಳ, ಇಂದ್ರೇಶ್ವರ ಮಹಾದೇವ ದೇವಾಲಯಕ್ಕೆ ಪ್ರಸಿದ್ಧವಾದ ಪನೌತಿ ಎಂಬ ಪುರಾತನ ಪಟ್ಟಣವೊಂದುಂಟು. ಅದು ಪುಣ್ಯಕ್ಷೇತ್ರ, ಅದಕ್ಕೂ ಪ್ರಸ್ತುತ ವಿಷಯಕ್ಕೂ ನಾದಸಾಮ್ಯದ ಹೊರತು ಬೇರೆ ನಂಟಿಲ್ಲ.

ಪದವು ಕೇಳಿಬರುವ ನೆಲೆ

ಈ ಕನ್ನಡಿಗರ ನೆಲೆಗಳಿಗೆ ನಿದರ್ಶನವಾದ, ರಾಯಗಡ ಜಿಲ್ಲೆಯ ಪನವೇಲ ತಾಲೂಕಿಗೆ ಸೇರಿದ ಖಾರಘರವು, 1970ರಲ್ಲಿ ಸ್ಥಾಪಿತವಾದ ಸಿಡ್ಕೊ ಸಂಸ್ಥೆಯು ಯೋಜಿಸಿ ಕಟ್ಟಿದ ನವಿ ಮುಂಬಯಿಯ ಒಂದು ವಿಭಾಗವಾಗಿದ್ದು, 2016ರ ಅಕ್ಟೋಬರ್ 1ರಿಂದ ಪನವೇಲ ಮಹಾನಗರಪಾಲಿಕೆಯ ಆಡಳಿತದಲ್ಲಿದೆ. ಬೇಲಪಾಡಾ, ಮುರ್ಬಿ, ಓವೆ, ಕೋಪರಾ ಮೊದಲಾದ ಹಳೆಯ ಗ್ರಾಮಗಳ ನಡುನಡುವೆ ಸೆಕ್ಟರುಗಳಾಗಿ ಹರಡಿಕೊಂಡಿರುವ ಈ ಊರಿಗೆ, ಹೋಟೆಲಿನ ಉದ್ಯಮವನ್ನು ಹಿಡಿದು ಬಂದ ಕರಾವಳಿಯವರು, ಕಟ್ಟಡದ ಕೆಲಸಕ್ಕೆಂದು ಬಂದ ವಿಜಯಪುರ ಕಲಬುರಗಿಯ ಕಡೆಯವರು, ನೌಕರಿಯ ನಿಮಿತ್ತ ಬಂದ ಧಾರವಾಡದವರು, ಮೈಸೂರಿನವರು, ತಂತಮ್ಮ ಕನ್ನಡವನ್ನು ತಂದಂತೆಯೇ ದುರದೃಷ್ಟಕ್ಕೆ ತಂತಮ್ಮ ಸೀಮೆಯ ಹೆಸರುಗಳನ್ನೂ ತಂದಿದ್ದಾರೆ. ಇಂಥ ಒಂದು ಮನೆಯಲ್ಲಿ ನೀರಿನ ಟ್ಯಾಂಕರು ಬಾರದ ದಿನ ಲಿಫ್ಟೂ ಕೆಟ್ಟು ನಿಂತರೆ, ಉಡುಪಿಯ ಕಡೆಯ ಅಜ್ಜಿ “ಎಲ್ಲ ನನ್ನ ಗ್ರಾಚಾರ” ಎಂದು ನಿಟ್ಟುಸಿರಿಟ್ಟರೆ, ಹುಬ್ಬಳ್ಳಿಯಿಂದ ಬಂದ ಸೊಸೆ “ನಮ್ಮ ನಸೀಬನ ಖೊಟ್ಟಿ ಬಿಡ್ರಿ ಅತ್ತಿ” ಎನ್ನುತ್ತಾಳೆ, ಇಲ್ಲಿಯೇ ಹುಟ್ಟಿ ಇಲ್ಲಿಯ ಶಾಲೆಯಲ್ಲಿ ಓದಿದ ಮೊಮ್ಮಗನಾದರೋ, ಊರಿನಿಂದ ಅದೇ ಬೆಳಿಗ್ಗೆ ಬಂದಿಳಿದ ಮಾವನತ್ತ ಬೆರಳು ಮಾಡಿ, “ಇವರು ಬಂದ ಕೂಡಲೆ ಶುರುವಾಯಿತು, ಪೂರಾ ಪನೌತಿ!” ಎಂದು ನಗುತ್ತಾನೆ. ಮೂವರೂ ಒಂದೇ ಸಂಗತಿಯನ್ನು ಕುರಿತು ಆಡಿದರೂ ಮೊದಲಿನ ಇಬ್ಬರು ದೋಷವನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡರು, ಮೂರನೆಯವನು ಅದನ್ನು ಮತ್ತೊಬ್ಬನ ಹೆಗಲಿಗೆ ಏರಿಸಿದನು. ಈ ಪದದ ಚರಿತ್ರೆಯೆಲ್ಲವೂ ಈ ವ್ಯತ್ಯಾಸದಲ್ಲಿ ಅಡಗಿದೆ.

ಮೂಲಾರ್ಥ ಮತ್ತು ಗಣಿತ

ಜ್ಯೋತಿಷದ ವ್ಯವಹಾರದಲ್ಲಿ ಪನವತಿಯೆಂಬುದು ವ್ಯಕ್ತಿಗೆ ಅಂಟಿದ ಗುಣವಲ್ಲ, ಕಾಲದ ಒಂದು ಅಳತೆ. ಶನಿಗ್ರಹವು ಸೂರ್ಯನನ್ನು ಒಮ್ಮೆ ಸುತ್ತಿಬರಲು ಸುಮಾರು 29½ ವರ್ಷಗಳು ಬೇಕು. ಈ ಮಂದಗಮನದಿಂದಲೇ ಅದಕ್ಕೆ ಶನೈಶ್ಚರ, ಎಂದರೆ ಮೆಲ್ಲಮೆಲ್ಲನೆ ಸಂಚರಿಸುವವನು, ಎಂಬ ಹೆಸರೂ, ಮಂದನೆಂಬ ಪರ್ಯಾಯವೂ ಬಂದಿವೆ. ಹನ್ನೆರಡು ರಾಶಿಗಳನ್ನು ಅಷ್ಟು ಕಾಲದಲ್ಲಿ ದಾಟುವ ಗ್ರಹವು ಒಂದೊಂದು ರಾಶಿಯಲ್ಲಿಯೂ ಸುಮಾರು ಎರಡೂವರೆ ವರ್ಷ ನಿಲ್ಲುವುದರಿಂದ, ಒಬ್ಬನ ಜನ್ಮರಾಶಿ, ಅದರ ಹಿಂದಣ ರಾಶಿ, ಮುಂದಣ ರಾಶಿ ಈ ಮೂರನ್ನೂ ಅದು ಹಾದುಹೋಗುವ ಅವಧಿ ಏಳೂವರೆ ವರ್ಷವಾಗುತ್ತದೆ. ಮರಾಠಿಯ ಸಾಡೇಸಾತೀ ಎಂಬ ಮಾತಿಗೆ ಏಳೂವರೆ ಎಂಬುದೇ ಅರ್ಥ. ಕನ್ನಡದಲ್ಲಿ ಇದನ್ನು ಏಳೂವರೆ ಶನಿ, ಶನಿಕಾಟ ಎನ್ನುವರು, ಉತ್ತರ ಕರ್ನಾಟಕದವರು ಸಾಡೇಸಾತಿಯೆಂದೇ ಹೇಳುವುದುಂಟು. ಗುಜರಾತಿನಲ್ಲಿ ಇದೇ ದೊಡ್ಡ ಪನೋತಿ. ಜನ್ಮರಾಶಿಯಿಂದ ನಾಲ್ಕನೆಯ ಅಥವಾ ಎಂಟನೆಯ ರಾಶಿಯಲ್ಲಿ ಶನಿಯಿರುವ ಎರಡೂವರೆ ವರ್ಷಗಳು ಸಣ್ಣ ಪನೋತಿ. ನಮ್ಮಲ್ಲಿ ಅಷ್ಟಮ ಶನಿಯೆಂದು ಅಂಜುವುದು ಇವುಗಳಲ್ಲಿ ಎರಡನೆಯದನ್ನು. ಪನೋತಿಯು ಚಿನ್ನ, ಬೆಳ್ಳಿ, ತಾಮ್ರ, ಕಬ್ಬಿಣ ಎಂಬ ನಾಲ್ಕು ಬಗೆಯ ಪಾದಗಳಲ್ಲಿ ಯಾವುದಾದರೊಂದರ ಮೇಲೆ ನಡೆದುಬರುತ್ತದೆಂದೂ, ಪಾದವನ್ನನುಸರಿಸಿ ಫಲವು ಭಿನ್ನವಾಗುತ್ತದೆಂದೂ ಅಲ್ಲಿಯ ಪಂಚಾಂಗಗಳು ಹೇಳುತ್ತವೆ.

ಗಣಿತವು ಹೀಗೆ ಸ್ಪಷ್ಟವಾಗಿದ್ದರೂ ಪಂಚಾಂಗಗಳೊಳಗೆ ಏಕಾಭಿಪ್ರಾಯವಿಲ್ಲ. ದೃಗ್ಗಣಿತವನ್ನು ಅನುಸರಿಸುವವರ ಲೆಕ್ಕದಲ್ಲಿ ಶನಿಯು ಮೀನರಾಶಿಯನ್ನು ಪ್ರವೇಶಿಸಿದುದು 2025ರ ಮಾರ್ಚ್ 29ರಂದು. ವಾಕ್ಯಪಂಚಾಂಗದವರ ಲೆಕ್ಕದಲ್ಲಿ ಅದೇ ಪ್ರವೇಶವು 2026ಕ್ಕೆ ಬೀಳುತ್ತದೆ. ಈ ಅಂತರದ ತಿಂಗಳುಗಳಲ್ಲಿ ಮೇಷರಾಶಿಯ ಮನುಷ್ಯನೊಬ್ಬನು ಒಂದು ಪಂಚಾಂಗದಂತೆ ಪನವತಿಗೆ ಸಿಕ್ಕಿದವನೂ ಮತ್ತೊಂದರಂತೆ ಇನ್ನೂ ಸಿಗದವನೂ ಆಗಿದ್ದನೆಂಬುದನ್ನು ಇಲ್ಲಿ ಗಮನಿಸತಕ್ಕದ್ದು.

ಮೂರ್ತಿಯಲ್ಲಿ ಪನವತಿ

ಅಮೂರ್ತವಾದ ಕಾಲಕ್ಕೆ ಜನಮನಸ್ಸು ಆಕಾರವನ್ನು ಕೊಡದೆ ಬಿಡುವುದಿಲ್ಲ. ಮಹಾರಾಷ್ಟ್ರದ ಕೆಲವು ಮಾರುತಿಯ ವಿಗ್ರಹಗಳಲ್ಲಿ, ಸಿಂಧೂರ ಮೆತ್ತಿದ ದೇಹದ ಕೆಳಗೆ, ಎಡಬಲ ನೋಡದೆ ಮುಂದಡಿಯಿಟ್ಟ ಕಾಲಿನ ಅಡಿಯಲ್ಲಿ ತುಳಿಯಲ್ಪಟ್ಟು ಬಿದ್ದಿರುವ ಒಂದು ಸ್ತ್ರೀರೂಪವನ್ನು ಕಾಣಬಹುದು. ಭಕ್ತರು ಅವಳನ್ನೇ ಪನವತಿಯೆನ್ನುತ್ತಾರೆ. ಗುಜರಾತಿನ ಸಾರಂಗಪುರದ ಕಷ್ಟಭಂಜನ ಹನುಮಂತನ ಪಾದದಡಿಯಲ್ಲಿಯೂ ಸ್ತ್ರೀವೇಷದ ಶನಿಯೇ ಇದ್ದಾನೆಂಬುದು ಅಲ್ಲಿಯ ಐತಿಹ್ಯ: ಹನುಮಂತನು ಬ್ರಹ್ಮಚಾರಿ, ಹೆಣ್ಣನ್ನು ಮುಟ್ಟಲಾರನು ಎಂದೆಣಿಸಿ ಶನಿಯು ಹೆಣ್ಣಾದನಂತೆ, ಆದರೂ ತಪ್ಪಿಸಿಕೊಳ್ಳಲಾಗಲಿಲ್ಲವಂತೆ. ಶನಿವಾರ ಮಾರುತಿಗೆ ಎಣ್ಣೆಯನ್ನೆರೆದು ಎಕ್ಕದ ಎಲೆಯ ಹಾರವನ್ನು ಹಾಕುವ ಮರಾಠಿ ಪದ್ಧತಿಗೆ ಈ ಭಾವನೆಯೇ ಆಧಾರ. ಕೆಟ್ಟ ಕಾಲವು ಹೆಣ್ಣಾಗಿ ಚಿತ್ರಿತವಾದುದು ಆಕಸ್ಮಿಕವೆನ್ನಲಾಗದು. ಲಕ್ಷ್ಮಿಗೆ ಅಕ್ಕನೆನಿಸಿದ ಜ್ಯೇಷ್ಠೆ, ಅವಳೇ ಅಲಕ್ಷ್ಮಿ, ತಮಿಳು ಕನ್ನಡಗಳೆರಡರಲ್ಲಿಯೂ ಬೈಗುಳಾಗಿ ಉಳಿದ ಮೂದೇವಿ, ಎಲ್ಲರೂ ಇದೇ ಸಾಲಿನವರು. ಕಾಗೆಯು ಶನಿಗೂ ಜ್ಯೇಷ್ಠೆಗೂ ಸಮಾನವಾದ ಲಾಂಛನ.

ಶುಭವೂ ಅಶುಭವೂ ಆದ ಶಬ್ದಗಳು

ಗುಜರಾತಿಯಲ್ಲಿ ಪನೋತೀ ಎಂದರೆ ಶನಿಪೀಡೆಯಾದರೆ, ಅದಕ್ಕೆ ಬಹು ಸಮೀಪವಾದ ಪನೋತುಂ ಎಂಬ ವಿಶೇಷಣಕ್ಕೆ ಭಾಗ್ಯಶಾಲಿಯೆಂದು ಅರ್ಥ. ನಾಡಿಗೆ ಕೀರ್ತಿ ತಂದ ಮಗನನ್ನು ಅಲ್ಲಿ ಪನೋತಾ ಪುತ್ರನೆಂದು ಹೊಗಳುವರು. ಇಂಥ ವೈಚಿತ್ರ್ಯವು ಸಂಸ್ಕೃತಕ್ಕೂ ಹೊಸದಲ್ಲ. ಅರಿಷ್ಟವೆಂಬ ಶಬ್ದಕ್ಕೆ ಕೇಡಿಲ್ಲದುದು, ಕ್ಷೇಮವಾದುದು ಎಂಬ ಅರ್ಥವೂ, ಮರಣಸೂಚಕವಾದ ದುರ್ನಿಮಿತ್ತವೆಂಬ ಅರ್ಥವೂ ಉಂಟು; ಕನ್ನಡದ ರೂಢಿಯಲ್ಲಿ ಹೆಚ್ಚಾಗಿ ಉಳಿದುದು ಎರಡನೆಯದು. ಭಯದ ವಸ್ತುವನ್ನು ಅದರ ಹೆಸರಿನಿಂದ ಕರೆಯದೆ ಒಳ್ಳೆಯ ಮಾತಿನಿಂದ ಮುಚ್ಚುವ ರೂಢಿಯೂ ಇದಕ್ಕೆ ನೆರೆಯದೇ. ಸಿಡುಬಿಗೆ ಅಮ್ಮನೆಂದು ಹೆಸರಿಟ್ಟವರು, ಇರುಳಿನಲ್ಲಿ ಹಾವನ್ನು ಹುಳುವೆನ್ನುವವರು ನಾವು. ಮನೆಯಿಂದ ಹೊರಡುವಾಗ ಕನ್ನಡಿಗನು “ಹೋಗಿ ಬರುತ್ತೇನೆ” ಎಂದರೆ, ಖಾರಘರದ ಅವನ ಮರಾಠಿ ನೆರೆಯವನು ಹೋಗುವ ಮಾತನ್ನೇ ಎತ್ತದೆ “ಯೇತೋ”, ಬರುತ್ತೇನೆ, ಎಂದಷ್ಟೇ ಹೇಳಿ ಮೆಟ್ಟಿಲಿಳಿಯುತ್ತಾನೆ. ಬಳೆ ಒಡೆದರೆ ಅದು ಒಡೆಯಿತೆನ್ನದೆ ಬೆಳೆಯಿತೆಂದು ಹೇಳುವುದೂ ಅವನ ಮನೆಯ ವಾಡಿಕೆ.

ಕನ್ನಡದ ಸಮಾನಪದಗಳು

ಕನ್ನಡದಲ್ಲಿ ಪನವತಿಗೆ ಅತ್ಯಂತ ಹತ್ತಿರದ ಪದ ಗ್ರಹಚಾರ. ಗ್ರಹಗಳ ಸಂಚಾರವೆಂಬ ಶುದ್ಧ ಖಗೋಳಾರ್ಥದಿಂದ ಹೊರಟ ಈ ತತ್ಸಮವು ಬಳಕೆಯಲ್ಲಿ ಕೆಟ್ಟ ಸಂಚಾರಕ್ಕೆ ಮಾತ್ರ ಮೀಸಲಾಗಿ, ಕರಾವಳಿಯಲ್ಲಿ ಗ್ರಾಚಾರವಾಗಿ ಸವೆದು, ಕೊನೆಗೆ “ನಿನ್ನ ಗ್ರಹಚಾರ ಬಿಡಿಸುತ್ತೇನೆ” ಎಂಬ ಬೆದರಿಕೆಯಲ್ಲಿ ಏಟಿಗೂ ಪರ್ಯಾಯವಾಯಿತು. ಅದೃಷ್ಟವೆಂಬ ಶಬ್ದವು ಇದಕ್ಕೆ ವಿಪರೀತವಾದ ದಾರಿಯನ್ನು ಹಿಡಿಯಿತು. ಕಣ್ಣಿಗೆ ಕಾಣದುದು, ಕರ್ಮದ ಕಾಣದ ಫಲ ಎಂಬ ತಟಸ್ಥಾರ್ಥವಿದ್ದ ಅದು ಕನ್ನಡದಲ್ಲಿ ಒಳ್ಳೆಯದರ ಪಾಲಾದುದರಿಂದ, ಕೆಟ್ಟುದಕ್ಕೆ ದುರದೃಷ್ಟವೆಂದು ಉಪಸರ್ಗವನ್ನು ಹಚ್ಚಬೇಕಾಯಿತು. ಹಣೆಬರಹವು ಲಿಪಿಯ ಕಲ್ಪನೆಯಿಂದ ಬಂದುದು. ವಿಧಿಯ ತದ್ಭವವಾದ ಬಿದಿ ಹಳೆಯ ಕಾವ್ಯಗಳಲ್ಲಿ ಉಳಿದಿದೆ. ದೆಸೆಗೇಡಿಯೆಂಬುದು ದೆಸೆ ಕೆಟ್ಟವನೆಂಬ ಮರುಕವನ್ನೂ ಬೈಗುಳನ್ನೂ ಒಟ್ಟಿಗೆ ಹೇಳುತ್ತದೆ. ಪಾಪಿ ಸಮುದ್ರಕ್ಕೆ ಹೋದರೂ ಮೊಳಕಾಲುದ್ದ ನೀರು, ರಾಮೇಶ್ವರಕ್ಕೆ ಹೋದರೂ ಶನೇಶ್ವರ ಬಿಡಲಿಲ್ಲ ಎಂಬ ಗಾದೆಗಳು ಊರು ಬಿಟ್ಟು ಬಂದವನ ಬಾಯಲ್ಲಿ ವಿಶೇಷವಾದ ರುಚಿಯನ್ನು ಪಡೆಯುತ್ತವೆ.

ಇವುಗಳಲ್ಲಿ ಬಹುಪಾಲು ಪದಗಳು “ನನ್ನ” ಎಂಬ ಸರ್ವನಾಮದೊಡನೆ ಸಹಜವಾಗಿ ಕೂಡುತ್ತವೆ: ನನ್ನ ಗ್ರಹಚಾರ, ನನ್ನ ಹಣೆಬರಹ, ನನ್ನ ಕರ್ಮ. ಪನವತಿಯು ಕೂಡುವುದು “ನೀನು”, “ಅವನು” ಎಂಬವುಗಳೊಡನೆ. ಹಾಗೆಂದು ಕನ್ನಡವು ಈ ವಿಷಯದಲ್ಲಿ ನಿರ್ದೋಷಿಯೆಂದು ಬೀಗುವಂತಿಲ್ಲ. “ಶನಿ ವಕ್ಕರಿಸಿತು” ಎಂದು ಆಕಾಶದ ಗ್ರಹವನ್ನು ದೂರಿದ ನಾಲಗೆಯೇ, ಬಾಗಿಲಿಗೆ ಬಂದ ಬೇಡದ ನೆಂಟನನ್ನು ಶನಿಯೆಂದಿದೆ, ಪೀಡೆಯೆಂದಿದೆ, ದರಿದ್ರವೆಂದಿದೆ. ಹೊಸದಾಗಿ ಮನೆಗೆ ಬಂದ ಸೊಸೆಯ ಕಾಲ್ಗುಣವನ್ನು ಅಳೆದ ಅತ್ತೆಯರು ಕನ್ನಡನಾಡಿನಲ್ಲಿಯೂ, ಪಾಯಗುಣವನ್ನು ಅಳೆದವರು ಮಹಾರಾಷ್ಟ್ರದಲ್ಲಿಯೂ ಇದ್ದರು. ಆ ಹೆಣ್ಣನ್ನು ಬಿಳಿಯ ಕಾಲಿನವಳೆಂದು ಹಳಿಯುವ ಮಾತು ಮರಾಠಿಯಲ್ಲಿದೆ. ಚಲನಚಿತ್ರರಂಗವು ಇದನ್ನೇ ಐರನ್ ಲೆಗ್ ಎಂದು ಹೊಸದಾಗಿ ಎರಕ ಹೊಯ್ದು, ಒಂದೆರಡು ಚಿತ್ರಗಳು ಸೋತ ನಟಿಯ ಮೇಲೆ ಹೊರಿಸಿತು. ಗುಜರಾತಿನ ಪನೋತಿಯ ಕಬ್ಬಿಣದ ಪಾದವು ಇಲ್ಲಿ ಓದುಗರಿಗೆ ನೆನಪಾದರೆ ಆಶ್ಚರ್ಯವಿಲ್ಲ.

ಶನಿಯ ಕಥೆ

ಕೆಟ್ಟ ಕಾಲಕ್ಕೆ ಕೊನೆಯುಂಟೆಂಬುದನ್ನು ಬೋಧಿಸುವ ಕಥೆಗಳಲ್ಲಿ ಶನಿಮಹಾತ್ಮೆಯು ಮುಖ್ಯವಾದುದು. ಗ್ರಹಗಳಲ್ಲಿ ಯಾರು ಹೆಚ್ಚೆಂಬ ಚರ್ಚೆಯಲ್ಲಿ ಶನಿಯನ್ನು ಹಗುರವಾಗಿ ಕಂಡ ಉಜ್ಜಯಿನಿಯ ವಿಕ್ರಮಾದಿತ್ಯನು, ಕುದುರೆಯೊಂದರ ಮೇಲೇರಿ ಕಾಡುಪಾಲಾಗಿ, ಪರದೇಶದಲ್ಲಿ ವರ್ತಕನೊಬ್ಬನ ಮನೆಯಲ್ಲಿರುವಾಗ ಗೋಡೆಯ ಚಿತ್ರದ ಹಂಸವೇ ಹಾರವನ್ನು ನುಂಗಿದುದರಿಂದ ಕಳ್ಳನೆನಿಸಿಕೊಂಡು, ಕೈಕಾಲುಗಳನ್ನು ಕಳೆದುಕೊಂಡು, ಗಾಣದ ಮೇಲೆ ಕುಳಿತು ಎತ್ತನ್ನು ಹೊಡೆಯುತ್ತ ಏಳೂವರೆ ವರ್ಷಗಳನ್ನು ಸವೆಸಿದನು. ಅವಧಿ ಮುಗಿದೊಡನೆ ಅಂಗಾಂಗಗಳೂ ರಾಜ್ಯವೂ ಮರಳಿದುವು. ಈ ಕಥೆಯನ್ನು ಶನಿಗ್ರಂಥ ಪಾರಾಯಣವೆಂಬ ಹೆಸರಿನಿಂದ ಮುಂಬಯಿಯ ಕರಾವಳಿ ಕನ್ನಡಿಗರು ಇಂದಿಗೂ ನಡೆಸುವರು: ವಾಚಕರು ಪದ್ಯವನ್ನು ರಾಗವಾಗಿ ಓದಿದರೆ, ತಾಳಮದ್ದಲೆಯ ಅನುಭವವಿರುವ ಅರ್ಥಧಾರಿಗಳು ಅದನ್ನು ಬಿಡಿಸಿ ಹೇಳುವರು. ಖಾರಘರದಿಂದ ಮೂರು ನಿಲ್ದಾಣಗಳಾಚೆಯ ನೆರೂಲಿನಲ್ಲಿ ಈ ಸಮುದಾಯದ ಶನೀಶ್ವರ ಮಂದಿರವೇ ಇದೆ. ಕರ್ನಾಟಕದಲ್ಲಿ ಪಾವಗಡ, ಮಹಾರಾಷ್ಟ್ರದಲ್ಲಿ ಮನೆಗಳಿಗೆ ಬಾಗಿಲಿಡದ ವಾಡಿಕೆಗೆ ಹೆಸರಾದ ಶನಿ ಶಿಂಗಣಾಪುರ, ಕಾರೈಕಾಲಿನ ತಿರುನಳ್ಳಾರು ಈ ಆರಾಧನೆಯ ಪ್ರಸಿದ್ಧ ಕ್ಷೇತ್ರಗಳು.

ನಿತ್ಯಜೀವನದಲ್ಲಿ ಪರಿಹಾರಗಳು

ಶನಿವಾರ ಬೆಳಿಗ್ಗೆ ಖಾರಘರದ ಅಂಗಡಿಬೀದಿಗಳಲ್ಲಿ ನಡೆದರೆ, ಒಂದು ನಿಂಬೆ, ಏಳು ಹಸಿಮೆಣಸಿನಕಾಯಿ, ಮರಾಠಿಯಲ್ಲಿ ಬಿಬ್ಬಾ ಎನಿಸಿದ ಕೇರುಬೀಜ, ಇವುಗಳನ್ನು ದಾರದಲ್ಲಿ ಪೋಣಿಸಿದ ಮಾಲೆಯೊಂದು ಷಟರಿನ ಕೆಳಗೆ ತೂಗುತ್ತಿರುವುದೂ, ಹಿಂದಿನ ವಾರದ ಬಾಡಿದ ಮಾಲೆಯು ರಸ್ತೆಯಲ್ಲಿ ಬಿದ್ದಿರುವುದೂ, ಅದನ್ನು ತುಳಿಯದಂತೆ ಜನ ಸರಿದುಹೋಗುವುದೂ ಕಣ್ಣಿಗೆ ಬೀಳುವುವು. ಹುಳಿಯನ್ನೂ ಖಾರವನ್ನೂ ಪ್ರೀತಿಸುವ ಅಲಕ್ಷ್ಮಿಯು ಬಾಗಿಲಲ್ಲಿಯೇ ತೃಪ್ತಳಾಗಿ ಒಳಕ್ಕೆ ಬಾರದೆ ಹಿಂದಿರುಗುವಳೆಂಬುದು ಇದಕ್ಕೆ ಕೊಡುವ ಸಮಾಧಾನ. ಸಿಗ್ನಲಿನಲ್ಲಿ ನಿಂತ ರಿಕ್ಷಾಗಳ ನಡುವೆ, ಎಣ್ಣೆ ತುಂಬಿದ ಡಬ್ಬಿಯಲ್ಲಿ ಕಬ್ಬಿಣದ ಶನಿಯ ಪ್ರತಿಮೆಯನ್ನು ಮುಳುಗಿಸಿಟ್ಟುಕೊಂಡು ಕಾಸು ಬೇಡುವವರೂ ಅಂದೇ ಕಾಣಿಸುವರು. ಕನ್ನಡಿಗರ ಫ್ಲ್ಯಾಟುಗಳಲ್ಲಿ ಕೆಲವು ಕಡೆ ಊರಿನ ವಾಡಿಕೆಯ ಬೂದುಗುಂಬಳಕಾಯಿಯೂ ಇಲ್ಲಿಯ ನಿಂಬೆಮೆಣಸಿನ ಮಾಲೆಯೂ ಒಂದೇ ಬಾಗಿಲಲ್ಲಿ ಜೊತೆಯಾಗಿ ಕಾವಲಿರುತ್ತವೆ.

ಆಟ, ರಾಜಕಾರಣ, ಊರುಗಳು

2023ರ ನವೆಂಬರ್ ತಿಂಗಳಲ್ಲಿ ಈ ಪದಕ್ಕೆ ಅಖಿಲ ಭಾರತ ಪ್ರಚಾರವು ದೊರೆಯಿತು. ಸತತವಾಗಿ ಹತ್ತು ಪಂದ್ಯಗಳನ್ನು ಗೆದ್ದ ಭಾರತದ ಪುರುಷರ ಕ್ರಿಕೆಟ್ ತಂಡವು ಆ ತಿಂಗಳ 19ರಂದು ಅಹಮದಾಬಾದಿನಲ್ಲಿ ವಿಶ್ವಕಪ್ಪಿನ ಅಂತಿಮ ಪಂದ್ಯವನ್ನು ಆಸ್ಟ್ರೇಲಿಯಕ್ಕೆ ಸೋತಿತು. ಎರಡು ದಿನಗಳ ಬಳಿಕ ರಾಜಸ್ಥಾನದ ಚುನಾವಣಾ ಸಭೆಯಲ್ಲಿ ಕಾಂಗ್ರೆಸ್ಸಿನ ರಾಹುಲ್ ಗಾಂಧಿಯವರು ಪಂದ್ಯಕ್ಕೆ ಹಾಜರಿದ್ದ ಪ್ರಧಾನಮಂತ್ರಿಯವರನ್ನು ಕುರಿತು ಈ ಪದವನ್ನು ಪ್ರಯೋಗಿಸಿದರು. ಭಾರತೀಯ ಜನತಾ ಪಕ್ಷವು ದೂರಿತ್ತಿತು. 23ರಂದು ಚುನಾವಣಾ ಆಯೋಗವು ಅವರಿಗೆ ನೋಟೀಸು ನೀಡಿತು. ಪಂದ್ಯಕ್ಕೆ ಎರಡು ದಿನ ಮುಂಚೆ, 17ರಂದು, ಖಾರಘರದ ಮೂಲಕ ಬೇಲಾಪುರದಿಂದ ಪೇಂಧರಕ್ಕೆ ಹೋಗುವ ಮೆಟ್ರೊ ಮಾರ್ಗವು, ಕಾಮಗಾರಿ ಮೊದಲಾದ ಒಂದು ಡಜನ್ ವರ್ಷಗಳ ಮೇಲೆ ಜನರಿಗೆ ತೆರೆದಿತ್ತು. ಅಷ್ಟು ವಿಳಂಬಕ್ಕೆ ಸುಲಭವಾಗಿ ಸಲ್ಲಬಹುದಾಗಿದ್ದ ಹೆಸರು ಆ ವಾರ ಬೇರೆ ಕಡೆ ದುಡಿಯುತ್ತಿತ್ತು.

ಕರ್ನಾಟಕದಲ್ಲಿ ಒಂದು ಊರೇ ಈ ಬಗೆಯ ಅಪವಾದವನ್ನು ದಶಕಗಳ ಕಾಲ ಹೊತ್ತಿತು. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯು ಅಧಿಕಾರವನ್ನು ಕಳೆದುಕೊಳ್ಳುವನೆಂಬ ನಂಬಿಕೆಯು ಎಷ್ಟು ಬಲಿಯಿತೆಂದರೆ, 1997ರಲ್ಲಿ ಅದು ಜಿಲ್ಲೆಯಾದಾಗ ಉದ್ಘಾಟನೆಯು ಜಿಲ್ಲಾಕೇಂದ್ರದಲ್ಲಿ ನಡೆಯದೆ ಮಲೆಮಹದೇಶ್ವರ ಬೆಟ್ಟದಲ್ಲಿ ನಡೆಯಿತು. 2013ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರು ಆ ಊರಿಗೆ ಪದೇ ಪದೇ ಹೋಗಿಬಂದೂ ಐದು ವರ್ಷಗಳ ಅವಧಿಯನ್ನು ಪೂರೈಸಿದರು. ಉತ್ತರಪ್ರದೇಶದಲ್ಲಿ ಇದೇ ಕೀರ್ತಿಯಿದ್ದ ನೋಯ್ಡಾಕ್ಕೆ 2017ರಲ್ಲಿ ಹೋದ ಯೋಗಿ ಆದಿತ್ಯನಾಥರು 2022ರಲ್ಲಿ ಮರಳಿ ಗೆದ್ದರು. ಕ್ರೀಡೆಗೂ ಇಂಥ ಉತ್ತರವುಂಟು: 2005 ಮತ್ತು 2017ರಲ್ಲಿ ವಿಶ್ವಕಪ್ಪಿನ ಅಂತಿಮ ಪಂದ್ಯವನ್ನು ಸೋತ ಭಾರತದ ಮಹಿಳಾ ತಂಡವು 2025ರ ನವೆಂಬರ್ 2ರಂದು, ಖಾರಘರಕ್ಕೆ ನೆರೆಯಾದ ನೆರೂಲಿನ ಡಿ.ವೈ. ಪಾಟೀಲ ಕ್ರೀಡಾಂಗಣದಲ್ಲಿಯೇ, ದಕ್ಷಿಣ ಆಫ್ರಿಕವನ್ನು 52 ಓಟಗಳಿಂದ ಸೋಲಿಸಿ ಕಪ್ಪನ್ನು ಗೆದ್ದಿತು.

ವಿಚಾರ ಮತ್ತು ಕಾನೂನು

ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದವರು ಎರಡು ನಾಡುಗಳಲ್ಲಿಯೂ ಇದ್ದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಮತ್ತು ಮೂಢನಂಬಿಕೆಗಳ ಪರಿಶೀಲನೆಗೆ ಸಮಿತಿಯೊಂದನ್ನು ರಚಿಸಿದರು. ಮಹಾರಾಷ್ಟ್ರದಲ್ಲಿ ಅಂಧಶ್ರದ್ಧಾ ನಿರ್ಮೂಲನದ ಕಾರ್ಯಕ್ಕೆ ಬದುಕನ್ನು ಮೀಸಲಿಟ್ಟ ಡಾ. ನರೇಂದ್ರ ದಾಭೋಲ್ಕರರು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಹತರಾದರು. ಅವರು ವರ್ಷಗಟ್ಟಲೆ ಒತ್ತಾಯಿಸಿದ ಮೂಢನಂಬಿಕೆವಿರೋಧಿ ಕಾನೂನು ಅದೇ ವರ್ಷ ಜಾರಿಗೆ ಬಂದಿತು. ಕರ್ನಾಟಕದ ತತ್ಸಮಾನವಾದ 2017ರ ಅಧಿನಿಯಮವು 2020ರಲ್ಲಿ ಜಾರಿಯಾಯಿತು. ಪಂಚಾಂಗವನ್ನು ನೋಡಿ ಏಳೂವರೆ ಶನಿಯನ್ನು ಹೇಳುವುದು ಈ ಕಾನೂನುಗಳಿಗೆ ಅಪರಾಧವಲ್ಲ. ಆದರೆ ಒಬ್ಬ ವ್ಯಕ್ತಿಯು ಇತರರಿಗೆ ಕೇಡನ್ನು ತರುತ್ತಾನೆಂದು ಆರೋಪಿಸಿ, ಅದರಿಂದ ಅವನ ಬಾಳನ್ನು ದುರ್ಭರಗೊಳಿಸುವುದನ್ನು ಮಹಾರಾಷ್ಟ್ರದ ಕಾನೂನಿನ ಅನುಸೂಚಿಯು ದಂಡನೀಯ ಕೃತ್ಯಗಳಲ್ಲಿ ಸೇರಿಸಿದೆ. ಕಾಲದ ಹೆಸರು ಮನುಷ್ಯನ ಹೆಸರಾಗುವ ಗಡಿಯನ್ನೇ ಶಾಸನವೂ ಗುರುತಿಸಿರುವುದು ಅರ್ಥವತ್ತಾಗಿದೆ. ಕಾಲವೆಂದು ತಿಳಿದಾಗ ಪನವತಿಯಲ್ಲಿ ಒಂದು ಸಾಂತ್ವನವಿದೆ, ಏಕೆಂದರೆ ಎಂಥ ಕಾಲವೂ ಕಳೆಯುತ್ತದೆ. ಮನುಷ್ಯನೆಂದು ತಿಳಿದಾಗ ಅವಧಿಯ ಲೆಕ್ಕವೇ ತಪ್ಪಿಹೋಗಿ, ಅವನು ಎಂದಿಗೂ ತೀರಿಸಲಾರದ ಋಣವಾಗಿ ಅದು ನಿಲ್ಲುತ್ತದೆ.

ಶನಿಯು ಯಾವ ರಾಶಿಯಲ್ಲಿರಲಿ, ಹನ್ನೆರಡು ರಾಶಿಗಳಲ್ಲಿ ಮೂರು ಯಾವಾಗಲೂ ದೊಡ್ಡ ಪನವತಿಯಲ್ಲಿಯೂ ಇನ್ನೆರಡು ಸಣ್ಣದರಲ್ಲಿಯೂ ಇದ್ದೇ ಇರುತ್ತವೆ. ಜನರು ರಾಶಿಗಳಲ್ಲಿ ಸಮನಾಗಿ ಹಂಚಿಹೋಗಿರುವರೆಂದು ಇಟ್ಟುಕೊಂಡು, ಹಾರ್ಬರ್ ಮಾರ್ಗದ ಹನ್ನೆರಡು ಡಬ್ಬಿಗಳ ಲೋಕಲಿನಲ್ಲಿ ಒಂದೊಂದು ರಾಶಿಯವರನ್ನು ಒಂದೊಂದು ಡಬ್ಬಿಯಲ್ಲಿ ಕೂರಿಸಿದರೆ, ಪ್ರತಿದಿನವೂ ಪ್ರತಿಯೊಂದು ಗಾಡಿಯಲ್ಲಿಯೂ ಐದು ಡಬ್ಬಿಗಳ ತುಂಬ ಪನವತಿಯವರೇ ಪ್ರಯಾಣ ಮಾಡುವರು. ಹನ್ನೆರಡು ಡಬ್ಬಿಗಳೂ ಖಾರಘರವನ್ನು ಒಂದೇ ಗಳಿಗೆಯಲ್ಲಿ ತಲುಪುತ್ತವೆ.